ಕಿವಿಗಿಟ್ಟ ಜೋಳದ ಬೆಂಡು

ಕುಸುಬಿ ಎಣ್ಣೆಯಲ್ಲಿ ಅರಿಸಿನ ಕರಕಲಾಗುವ ವಾಸನೆ ನನಗೆ ಆಗಿಬರುವುದಿಲ್ಲ. ಹೋದ ವಾರ ಸುರಪುರದ ತವರುಮನೆಯಲ್ಲಿ ಅದೇ ವಾಸನೆ ಅಡುಗೆಮನೆಯಿಂದ ಬಂತು. ನನ್ನ ಮಗಳು ಯಾದಗಿರಿಯಲ್ಲಿ ಕಿವಿಗೆ ಎರಡನೇ ತೂತು ಹೊಡೆಸಿಕೊಂಡು, ಗಾಯ ಮಾಯುವ ಮುನ್ನವೇ ಮರದ ಓಲೆ ಸಿಕ್ಕಿಸಿಕೊಂಡು ಬಂದಿದ್ದಳು. ಈಗಿನ ಹುಡುಗಿಯರಿಗೆ ಬಂಗಾರ ಬೇಡ. ಮರ, ಕೊಂಬು, ತೆಂಗಿನ ಚಿಪ್ಪು ಬೇಕು. ಅದನ್ನು ತೆಗೆಯದೆಯೇ ತಲೆಗೆ ನೀರು ಹಾಕಿಕೊಂಡಿದ್ದಾಳೆ. ಮರ ನೀರು ಕುಡಿದು ಉಬ್ಬಿ, ಕಿವಿ ಕೆಂಪಗೆ ಬಾತಿತ್ತು. ಅವ್ವ ಎಣ್ಣೆ ಕಾಸುತ್ತ, “ಹಸಿ ಗಾಯಕ್ಕ ಕಟ್ಟಿಗಿ ಇಡತಾರೇನ ಹುಚ್ಚಿ? ಆಯಿ ಇದ್ದಿದ್ರ ಕಿವಿ ಕಿತ್ತು ಕೈಯಾಗ ಕೊಡ್ತಿದ್ಲು” ಎಂದು ಮೊಮ್ಮಗಳನ್ನು ಬೈದಳು.

ಆಯಿ ಎಂದರೆ ನಮ್ಮ ಎದುರುಮನೆಯ ಮುದುಕಿ. ನಮಗೆ ಸಂಬಂಧವೇನೂ ಇಲ್ಲ, ಓಣಿಗೆಲ್ಲ ಆಯಿ. ನನಗೆ ಮಾತ್ರ ಅವಳ ಸುದ್ದಿ ಎತ್ತಿದರೆ ಇಂದಿಗೂ ಮೈ ಉರಿಯುತ್ತದೆ.

ಓಣಿಯ ಹೆಣ್ಣುಮಕ್ಕಳ ಕಿವಿ ಮೂಗುಗಳೆಲ್ಲ ಅವಳ ಜಹಗೀರು. ಚುಚ್ಚುವುದಷ್ಟೇ ಬಂಗಾರದ ಕೆಲಸದ ಪತ್ತಾರನ ಪಾಲು. ಆಮೇಲಿನ ದರ್ಬಾರೆಲ್ಲ ಅವಳದು. ಗಾಯ ಒಣಗುವ ತನಕ ಬೇವಿನ ಕಡ್ಡಿ ಬಿಟ್ಟು ಬೇರೆ ಏನನ್ನೂ ಇಡುವಂತಿರಲಿಲ್ಲ. ದಿನಾ ಅರಿಸಿನ ಕಾಸಿದ ಎಣ್ಣೆ ಬಿಟ್ಟು ಕಡ್ಡಿ ತಿರುಗಿಸಬೇಕು. ನಾವು ಆಟದ ನಡುವೆ ಸಿಕ್ಕರೂ ಸರಿ, ಕಿವಿ ಹಿಡಿದೆಳೆದು, ಸಂತೆಯಲ್ಲಿ ಮೀನು ಮೂಸುವ ಹಾಗೆ ಮೂಸಿ ನೋಡುತ್ತಿದ್ದಳು. ವಾಸನೆ ಬಂದರೆ ಕಡ್ಡಿ ಕಿತ್ತೆಸೆದು ಹೊಸದು ತುರುಕುವಳು. ಅವಳ ಬೆರಳಿಗಂಟಿದ ತಂಬಾಕಿನ ನಾತ ದಿನವಿಡೀ ನಮ್ಮ ಕಿವಿಯ ಹಿಂದೆ ಇರುತ್ತಿತ್ತು.

ನಾನು ಪಿಯುಸಿ ಓದುತ್ತಿದ್ದಾಗ, ಯಾವ ಹುಡುಗಿಗೂ ಇಲ್ಲದ ಜೋಳದ ಬೆಂಡು ನನಗೆ ಬಂತು. ಸಗರದ ಹೊಲದಿಂದ ತಂದ ಒಣಜೋಳದ ಕಣಕಿಯ ಸೂಡು ಬಿಚ್ಚಿ, ಆಯಿ ಒಂದೊಂದೇ ದಂಟು ಆರಿಸುತ್ತಿದ್ದಳು. ಹುಳ ತಿಂದದ್ದು ಬೇಡ, ಕೆಂಪು ಗೆರೆ ಬಿದ್ದದ್ದು ಬೇಡ, ಗೆಣ್ಣಿನ ಹತ್ತಿರದ್ದು ಗಡಸು, ಅದೂ ಬೇಡ. ಸಿಪ್ಪೆ ಸುಲಿದು, ಒಳಗಿನ ಬಿಳಿ ಬೆಂಡನ್ನು ಉಗುರಿನಷ್ಟು ಕತ್ತರಿಸಿ, ಬೆರಳಲ್ಲಿ ಒತ್ತಿ ತೆಳ್ಳಗೆ ಮಾಡಿ ಕಿವಿಗೆ ಇಡುವಳು. ಒಳಗೆ ಹೋದ ಬೆಂಡು ಮೆಲ್ಲಗೆ ಅರಳಿ ತೂತು ಅಗಲವಾಗುತ್ತಿತ್ತು. ಕೆಲವು ದಿನ ಬಿಟ್ಟು ಇನ್ನೊಂದಿಷ್ಟು ದಪ್ಪನೆಯದು. ಸ್ನಾನಕ್ಕೆ ಮುಂಚೆ ತೆಗೆದು ನೆರಳಲ್ಲಿಡಬೇಕು, ಬಿಸಿಲಿಗಿಟ್ಟರೆ ಬಿರಿಯುತ್ತದೆ. ನೋವೆಂದು ಅತ್ತರೆ, “ಸುಮ್ ಕುಂದ್ರು, ಕಿವಿ ಹರದು ಬೀಳಾಂಗಿಲ್ಲ” ಎಂದು ತಲೆಗೆ ಮೊಟಕುತ್ತಿದ್ದಳು. “ಹೋಗು, ಆಯಿ ಕರ್ಯಾಕತ್ಯಾಳ” ಎಂದು ಅವ್ವನೇ ನನ್ನನ್ನು ಅಟ್ಟುತ್ತಿದ್ದಳು. ದೊಡ್ಡವರು ಏನೋ ಮಾಡುತ್ತಾರೆ, ಹಬ್ಬಕ್ಕೆ ದೊಡ್ಡ ಝುಮಕಿ ಬರಬಹುದು ಎಂದುಕೊಂಡು ನಾನೂ ಸುಮ್ಮನಿದ್ದೆ...

ಕೊಂಕಲ್‌ನಿಂದ ಬಂದ ಚಿಗವ್ವ ನನ್ನ ಕಿವಿ ನೋಡಿದ್ದೇ ತಡ, ಬಾಯಿಗೆ ಸೆರಗು ಹಿಡಿದು ನಕ್ಕಳು. “ಎದುರುಮನಿ ಸೊಸಿ ಆಗಾಕತ್ತಿ ಅಂತ ನನಗ್ಯಾಕ ಹೇಳಲಿಲ್ಲ?”

ವಿಷಯ ತಿಳಿದದ್ದು ಆಗ. ಆಯಿಯ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬರುವ ಹಳೆಯ ಬೆಂಡೋಲೆ ಇತ್ತು. ಅದರ ತಿರುಪು ಕಿರುಬೆರಳಿನಷ್ಟು ದಪ್ಪ. ಅದು ಹಿಡಿಯಲೆಂದು, ಆ ಮನೆಗೆ ಬರಬೇಕಾದ ಹುಡುಗಿಯ ಕಿವಿಯನ್ನು ಮದುವೆಗೆ ಮುಂಚೆಯೇ ಬೆಂಡಿಟ್ಟು ಅಗಲ ಮಾಡುವುದು ಅವರ ಪದ್ಧತಿ. ವೀಳ್ಯ ಬದಲಿಸಬೇಕಿಲ್ಲ, ಓಣಿಯವರು ಕಿವಿ ನೋಡಿದರೆ ಸಾಕು. ಶಹಾಪುರದಲ್ಲಿ ಟೆಂಪೊ ಓಡಿಸುತ್ತಿದ್ದ ಆಯಿಯ ಮೊಮ್ಮಗನಿಗೆ ನನ್ನನ್ನು ಗೊತ್ತುಮಾಡಿದ್ದಾರೆಂದು ನನ್ನೊಬ್ಬಳಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು! ಯಾದಗಿರಿಗೆ ಹೋಗಿ ಟೀಚರ್ ಟ್ರೈನಿಂಗ್ ಮಾಡಬೇಕೆಂದು ನಾನು ಕನಸು ಕಟ್ಟಿದ್ದೆ. “ಇನ್ನ್ಯಾಕ ಓದು” ಎಂದು ಅಪ್ಪ ಗೊಣಗಲು ಶುರು ಮಾಡಿದ್ದು ಯಾಕೆಂದು ಆಗ ಹೊಳೆಯಿತು.

ನೆಟ್ಟಗೆ ಎದುರುಮನೆಗೆ ಹೋದೆ. ಆಯಿ ಕಟ್ಟೆಯ ಮೇಲೆ ಹೆಂಗಸರ ಜೊತೆ ಜೋಳ ಹಸನು ಮಾಡುತ್ತ ಕೂತಿದ್ದಳು. ಎರಡೂ ಬೆಂಡು ಕಿತ್ತು ಅವಳ ಮಡಿಲಿಗೆ ಎಸೆದೆ.

“ನಿನ್ನ ಮನಿಗೆ ನಾ ಬರಾಂಗಿಲ್ಲ. ಯಾರನ್ನ ಕೇಳಿ ಮಾಡ್ದಿ ಇದನ್ನ?”

ಮೊರ ಹಿಡಿದ ಕೈಗಳೆಲ್ಲ ನಿಂತವು. ಆಯಿ ನನ್ನ ಭುಜದಾಚೆ ನಮ್ಮ ಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, “ತಗದ್ರೇನಾತು? ತೂತು ಹೋಗ್ತದೇನು?” ಎಂದು ಮತ್ತೆ ಜೋಳ ಕೇರತೊಡಗಿದಳು.

ಮರುದಿನವೇ ಓಣಿಯ ತುಂಬ ಅವಳ ಡಂಗುರ. “ಅಕಿ ನಾಲಗಿ ನೋಡ್ರೆವ್ವ. ಇಂಥಾಕಿ ನಮ್ಮ ಮನಿಗೆ ಬ್ಯಾಡೇ ಬ್ಯಾಡ.” ಸಂಬಂಧ ಮುರಿಯಿತು, ನಾನು ಯಾದಗಿರಿಗೆ ಹೋದೆ. ಆದರೆ ಬಾಯಿಬಡಕಿ ಎಂಬ ಹೆಸರು ನನಗಿಂತ ಮುಂಚೆ ಊರೂರು ತಿರುಗಿತು. ಹೆಣ್ಣು ನೋಡಲು ಬಂದವರು ಮುಖಕ್ಕಿಂತ ಮೊದಲು ನನ್ನ ಕಿವಿ ನೋಡಿ, “ಮೊದಲ ಎಲ್ಲೋ ಗೊತ್ತಾಗಿತ್ತಂತಲ್ಲ?” ಎಂದು ಕೇಳುತ್ತಿದ್ದರು. ಹಾಸ್ಟೆಲಿನ ಹುಡುಗಿಯರು, “ಇದಕ್ಕ ಕೀಲಿ ಹಾಕ್ತಿಯೇನು?” ಎಂದು ನಗುತ್ತಿದ್ದರು. ಯಾವ ಓಲೆ ಹಾಕಿದರೂ ಜಾರಿ ಬೀಳುತ್ತಿತ್ತು. ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು ಬಾಚುವುದು ಆಗ ಕಲಿತದ್ದು, ಈಗಲೂ ಹಾಗೆಯೇ. ಊರಿಗೆ ಬಂದಾಗಲೊಮ್ಮೆ ಆಯಿ ಕಟ್ಟೆಯಿಂದಲೇ ಕೂಗುವಳು: “ಕಿವಿ ಖಾಲಿ ಬಿಡಬ್ಯಾಡಲೇ, ಬೇವಿನ ಕಡ್ಡಿನಾರ ಇಟ್ಕೊ.” ನಾನು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದೆ. ಅವಳು ಸತ್ತಾಗ ಹತ್ತಿಕುಣಿಯ ಶಾಲೆಯಲ್ಲಿದ್ದೆ. ಬಸ್ಸಿತ್ತು, ರಜೆಯೂ ಇತ್ತು. ಮಣ್ಣಿಗೆ ಹೋಗಲಿಲ್ಲ.

ಅದಕ್ಕೇ ಹೋದ ವಾರ ಅವ್ವ ಆ ಮುದುಕಿಯನ್ನು ನೆನೆದಾಗ ನನಗೆ ತಡೆಯಲಾಗಲಿಲ್ಲ. “ನನ್ನ ಮಗಳ ಮುಂದ ಅಕಿ ಹೆಸರು ತಗೀಬ್ಯಾಡ. ಕೇಳದ ನನ್ನ ಕಿವಿ ಹಾಳು ಮಾಡ್ಯಾಳ ಅಕಿ” ಎಂದೆ.

ಅವ್ವ ಮೊಮ್ಮಗಳ ಕಿವಿಗೆ ಎಣ್ಣೆ ಬಿಡುತ್ತಲೇ ಹೇಳಿದಳು: “ಅಕಿ ಕೇಳದ ಮಾಡ್ಲಿಲ್ಲ. ನಾನೇ ಕೈ ಮುಗದು ಕೇಳಿದ್ದೆ. ಇದ್ದೊಬ್ಬ ಮಗಳು ಕಣ್ಮುಂದ ಇರ್ಲಿ ಅಂತ. ಹುಡುಗಿ ಒಪ್ಪ್ಯಾಳೇನು ಅಂತ ಕೇಳಿದ್ಲು. ಹೂಂ ಅಂದೆ.”

ಬೈಯೋಣವೆಂದರೆ ಅವ್ವ ಆಗಲೇ ಹತ್ತಿ ಹರಿದು ಮೊಮ್ಮಗಳ ಕಿವಿ ಒರೆಸತೊಡಗಿದ್ದಳು. ಎದ್ದು ಹೊರಗೆ ಬಂದೆ. ಎದುರಿನ ಕಟ್ಟೆ ಒಡೆದು ಯಾರೋ ಬೈಕು ನಿಲ್ಲಿಸಲು ಜಾಗ ಮಾಡಿಕೊಂಡಿದ್ದಾರೆ. ಅಷ್ಟು ಹೆಂಗಸರ ಮುಂದೆ ನಾನು ಕೂಗಾಡಿದಾಗ, “ನಿಮ್ಮವ್ವನ್ನ ಕೇಳು ಹೋಗು” ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ ಹಟಮಾರಿ ಮುದುಕಿ. ಸಾಯುವ ತನಕ ಅನ್ನಲಿಲ್ಲ... ನನಗೆ ಈಗಲೂ ಅವಳ ಮೇಲೆ ಸಿಟ್ಟೇ ಬರುತ್ತಿದೆ, ಮೊದಲಿಗಿಂತ ಹೆಚ್ಚು. ಅವಳಿದ್ದಿದ್ದರೆ ಈ ಕ್ಷಣ ಹೋಗಿ, ಯಾಕೆ ಹೇಳಲಿಲ್ಲವೆಂದು ಓಣಿಗೆ ಓಣಿಯೇ ಸೇರುವ ಹಾಗೆ ಜಗಳ ತೆಗೆಯುತ್ತಿದ್ದೆ. ಅವಳೂ ಬಿಡುತ್ತಿರಲಿಲ್ಲ. ಈಗ ಜಗಳಕ್ಕೆಂದು ಹೋಗಿ ನಿಲ್ಲಲು ನನಗೆ ಯಾರ ಬಾಗಿಲೂ ಇಲ್ಲ.