ಮೇಲಿನ ಮನೆಯ ಧಪ್ ಧಪ್

ನನ್ನಲ್ಲೊಂದು ಕೆಟ್ಟ ಚಾಳಿಯಿದೆ. ಯಾರ ಮೇಲಾದರೂ ಸಿಟ್ಟು ಬಂದರೆ ಜಗಳವಾಡುವುದಿಲ್ಲ, ಸಾಕ್ಷಿ ಕೂಡಿಸುತ್ತೇನೆ. ರೈಲ್ವೆಯ ಸಿಗ್ನಲ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಾಗಪುರದಲ್ಲೇ ನಿವೃತ್ತನಾದವನಿಗೆ ಅಂಟಿದ ಚಾಳಿ.

ಎರಡು ತಿಂಗಳ ಹಿಂದೆ ನಮ್ಮ ಮೇಲಿನ ಮನೆಗೆ ಅಂಗಡಿ ಎಂಬ ಅಡ್ಡಹೆಸರಿನ ದಂಪತಿ ಬಾಡಿಗೆಗೆ ಬಂದರು. ಗದಗಿನ ಕಡೆಯವರು ಎಂದಷ್ಟೇ ಗೊತ್ತು. ಮೆಟ್ಟಿಲಲ್ಲಿ ಸಿಕ್ಕರೆ ಅಂಗಡಿಯವರು ನಮಸ್ಕಾರ ಹೇಳಿ ಸರಸರ ಹೋಗಿಬಿಡುತ್ತಿದ್ದರು. ಬಂದ ಮರುದಿನದಿಂದಲೇ ಮಧ್ಯಾಹ್ನ, ನನ್ನ ನಿದ್ದೆಯ ಹೊತ್ತಿಗೆ, ತಲೆಯ ಮೇಲೆ ಧಪ್, ಧಪ್. ಸೊಸೈಟಿಗೆ ದೂರಿದೆ. ಪುರಾವೆ ಕೊಟ್ಟರೆ ಮನೆ ಖಾಲಿ ಮಾಡಿಸುತ್ತೇವೆಂದು ಕಾರ್ಯದರ್ಶಿ ಮಾತು ಕೊಟ್ಟರು.

ಸೀತಾಬರ್ಡಿ ಪೇಟೆಯಿಂದ ಬೆಂಕಿಪೆಟ್ಟಿಗೆಯಷ್ಟಿರುವ ಎರಡು ಅಗ್ಗದ ವೈಫೈ ಬೋರ್ಡು ತಂದೆ. ಒಂದು ತರಂಗ ಕಳಿಸುತ್ತದೆ, ಇನ್ನೊಂದು ಕೇಳುತ್ತದೆ. ಸುತ್ತಮುತ್ತ ಏನು ಅಲುಗಿದರೂ ಕಂಪ್ಯೂಟರಿನಲ್ಲಿ ಗೆರೆ ಅದುರುತ್ತದೆ. ಎರಡನ್ನೂ ಚಾವಣಿಗೆ ತಾಗಿಸಿಟ್ಟೆ. ಮೊದಲ ದಿನ ಬರೀ ನಮ್ಮ ಫ್ಯಾನಿನ ಕುಣಿತವೇ ಕಂಡಿತು. ಹಾಗಾಗಿ ಮೇ ತಿಂಗಳ ನಾಗಪುರದಲ್ಲಿ ಫ್ಯಾನು, ಕೂಲರು ಎರಡನ್ನೂ ಆರಿಸಿ, ಮೂರ್ತಿಯಂತೆ ಕೂತೆ.

"ನಿಮ್ಮ ತಕರಾರಿಗೆ ನಾ ಯಾಕ ಬೇಯಬೇಕ್ರಿ?" ಎಂದು ಹೆಂಡತಿ ಪಕ್ಕದ ಮನೆಗೆ ಹೋಗಿ ಮಲಗಿದಳು.

ಇಪ್ಪತ್ತು ದಿನಗಳ ಗೆರೆಗಳನ್ನು ದಿನಕ್ಕೊಂದು ಹಾಳೆಯಂತೆ ಮುದ್ರಿಸಿಕೊಂಡು, ಸೊಸೈಟಿಗೆ ಕೊಡುವ ಮುನ್ನ ಒಂದು ಮಾತು ಹೇಳಿಬಿಡೋಣವೆಂದು ಮೇಲೆ ಹೋದೆ. ಅಂಗಡಿಯವರು ಬಾಗಿಲು ತೆರೆದರು. ಒಳಗೆ ಅವರ ಹೆಂಡತಿ ಗೌರಮ್ಮ ಗೋಡೆ ಹಿಡಿದು ನಿಂತಿದ್ದರು. ಲಕ್ವ ಹೊಡೆದ ಎಡಗಾಲನ್ನು ಸೊಂಟದಿಂದ ಎತ್ತಿ ಮುಂದಕ್ಕೆ ಒಗೆದರು. ಧಪ್.

"ತ್ರಾಸ ಆತೇನ್ರಿ ನಿಮಗ?" ಅಂಗಡಿಯವರ ಮುಖ ಬಾಡಿತು. "ನಾಳಿಂದ ಗಾದಿ ಹಾಸ್ತೇನ್ರಿ."

"ಗಾದಿ ಮ್ಯಾಲ ಕಾಲಿಗೆ ನೆಲಾ ತಿಳಿಯೂದಿಲ್ಲ," ಎಂದು ಗೌರಮ್ಮ ತೊದಲುತ್ತ ಹೇಳಿ, ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದರು. "ಅದೇನ್ರಿ?"

ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. "ನಿಮ್ಮ ಮ್ಯಾಲಿನ ತಕರಾರ್ರಿ," ಎಂದೆ.

ಅವರು ಬಲಗೈ ಚಾಚಿದರು. "ಇದರಾಗ ನಾ ಎಲ್ಲಿ ಅದೀನ್ರಿ?"

ತೋರಿಸಿದೆ. ಗೆರೆಯಲ್ಲಿ ಮೇಲೆದ್ದ ಒಂದೊಂದು ಮುಳ್ಳೂ ಒಂದೊಂದು ಹೆಜ್ಜೆ. ಮೊದಲ ಹಾಳೆಯಲ್ಲಿ ನಾಲ್ಕೇ, ದೂರದೂರ; ಕೊನೆಯದರಲ್ಲಿ ಹದಿನೆಂಟು, ಒತ್ತೊತ್ತಾಗಿ. ಅಂಗಡಿಯವರು ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ದಿನಾ ಬಾಜೂಕ ನಿಂತಿರತೇನ್ರಿ, ನನಗ ಫರಕ ಕಂಡಿದ್ದಿಲ್ಲ. ಇನ್ನ ಸಾಕ ಬಿಡು ಅಂತ ನಿನ್ನೇನ ಈಕಿಗೆ ಅಂದಿದ್ದೆ."

ಗೌರಮ್ಮ ಮತ್ತೆ ಗೋಡೆ ಹಿಡಿದು ಕಾಲೆತ್ತಿದರು.

ತಲೆಯ ಮೇಲೆ ಯಾರೋ ಅಲುಗಿದರು ಎಂದಷ್ಟೇ ಆ ಬೋರ್ಡಿಗೆ ಗೊತ್ತು. ಯಾಕೆಂದು ತಿಳಿಯಲು ಇಪ್ಪತ್ತು ಮೆಟ್ಟಿಲು ಹತ್ತಬೇಕಿತ್ತು; ಎರಡು ತಿಂಗಳು ನಾನು ಹತ್ತಿರಲಿಲ್ಲ.

ಕೆಳಗೆ ಬರುತ್ತಲೇ ಹೆಂಡತಿ ಕೇಳಿದಳು: "ಏನ್ ಹೇಳಿ ಬಂದ್ರಿ?"

"ಇನ್ನೂ ಜೋರ್ ನಡೀರಿ ಅಂತ ಹೇಳಿ ಬಂದೆ."