ಮೂಲೆಯ ಅಮೃತಶಿಲೆಯ ಮೇಜು

ಗ್ರೀಸಿನ ಸಲೋನಿಕದ ಬಂದರಿನ ಹತ್ತಿರ ಸ್ತೆರ್ಗಿಯೋಸನ ಕಾಫಿ ಅಂಗಡಿ. ಶೆಮ್‌ಟೋವ್ ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ಮೂಲೆಯ ಅಮೃತಶಿಲೆಯ ಮೇಜಿನ ಮುಂದೆಯೇ ಕೂರುತ್ತಿದ್ದ. ಏಳುವಾಗ ಜೇಬಿನಿಂದ ಒಂದು ಬೆಣಚುಕಲ್ಲು ತೆಗೆದು ಲೋಟದ ಪಕ್ಕ ಇಟ್ಟು ಹೋಗುತ್ತಿದ್ದ.

ಯುದ್ಧಕ್ಕೆ ಮುಂಚೆ ಅವನು ಯಹೂದ್ಯರ ಗೋರಿಗಲ್ಲು ಕೆತ್ತುವ ಮೇಸ್ತ್ರಿ. ಜರ್ಮನರು ಬಂದ ಮೇಲೆ ಹೆಂಡತಿ ಮತ್ತು ಇಬ್ಬರು ಮಕ್ಕಳ ಜೊತೆ ಅವನನ್ನೂ ದನ ತುಂಬುವ ಹಾಗೆ ರೈಲಿಗೆ ತುಂಬಿದರು. ಆ ಮೂವರೂ ಸಾವಿನ ಶಿಬಿರದ ಚಿಮಣಿಯಲ್ಲಿ ಹೊಗೆಯಾದರು. ಇವನೊಬ್ಬನೇ ತೋಳಿನ ಮೇಲೆ ಶಿಬಿರದ ಹಚ್ಚೆ ನಂಬರು ಹೊತ್ತು ಹಿಂತಿರುಗಿದ. ಊರಲ್ಲಿ ಯಹೂದ್ಯರ ಸ್ಮಶಾನವೂ ಉಳಿದಿರಲಿಲ್ಲ. ಕಲ್ಲುಗಳನ್ನು ಕಿತ್ತು ಮೆಟ್ಟಿಲಿಗೆ, ಅಂಗಳಕ್ಕೆ ಹಾಸಿಕೊಂಡು ಊರವರು ಅವುಗಳ ಮೇಲೇ ಓಡಾಡುತ್ತಿದ್ದರು.

"ಏನ್ ಮೇಸ್ತ್ರಿ, ದಿನಾ ನಿನ್ನ ಕಸ ಎತ್ತಕ್ಕೆ ನಾನೇನು ನಿಮ್ಮಪ್ಪನ ಮನೆ ಆಳಾ? ಎಲ್ರೂ ಹೋದ್ರು, ನೀನೊಬ್ಬ ಯಾಕಾದ್ರೂ ವಾಪಸ್ ಬಂದ್ಯೋ!" ಎನ್ನುತ್ತ ಒಂದು ದಿನ ಸ್ತೆರ್ಗಿಯೋಸ್ ಆ ಕಲ್ಲನ್ನು ಒರೆಸುವ ಬಟ್ಟೆಯಿಂದ ನೆಲಕ್ಕೆ ತಳ್ಳಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಶೆಮ್‌ಟೋವ್ ಅವನ ಮಣಿಕಟ್ಟು ಹಿಡಿದು ಕೈಯನ್ನು ಮೇಜಿನ ಅಡಿಗೆ ಎಳೆದ. "ಬೆರಳಾಡ್ಸು. ಏನ್ ಸಿಗ್ತದೆ?"

"ಏನೋ ಅಕ್ಷರ ಕೊರೆದ ಹಾಗಿದೆ. ಬಿಡಯ್ಯ ಕೈನ!"

"ಕೊರೆದೋನು ನಾನೇ. ನಮ್ಮವ್ವನ ಹೆಸರು. ನನ್ನ ಹೆಂಡ್ತಿ ಮಕ್ಕಳಿಗೆ ಗೋರಿನೇ ಇಲ್ಲ. ನಮ್ಮನೇಲಿ ಗೋರಿ ಅಂತ ಇದ್ದಿದ್ದು ಇವಳೊಬ್ಬಳಿಗೆ. ಗೋರಿ ನೋಡಕ್ಕೆ ಬಂದೋರು ಕಲ್ಲಿಟ್ಟು ಹೋಗೋದು ನಮ್ಮ ಪದ್ಧತಿ."

ಸ್ತೆರ್ಗಿಯೋಸ್ ಕೈ ಕೊಸರಿಕೊಂಡಾಗ ಒರೆಸುವ ಬಟ್ಟೆ ಜಾರಿ ಬಿತ್ತು. ಶೆಮ್‌ಟೋವ್ ಬಗ್ಗಿ ಕಲ್ಲನ್ನು ಹೆಕ್ಕಿ ಮತ್ತೆ ಮೇಜಿನ ಮೇಲಿಟ್ಟ. ಕೆಳಗೆ ಬಿದ್ದಿದ್ದ ಬಟ್ಟೆಯನ್ನೂ ಎತ್ತಿ ಅವನ ಎದೆಗೆ ಎಸೆದ.

"ಬೋರಲು ಮಲಗಿಸಿದೀಯ ಅವಳನ್ನ. ದಿನಾ ನೀನು ಒರೆಸ್ತಿರೋದು ಅವಳ ಬೆನ್ನು. ಹೂಂ, ಒರೆಸು!"