ಕಾರಣ: ಮನಸ್ಸಿಗೆ ಸುಸ್ತು

ಕೋವಿಡ್ ಮುಗಿದ ಮರುವರ್ಷದ ಮಾತು. ಆಗ ನಾನು ಚಿಕ್ಕನಾಯಕನಹಳ್ಳಿಯಲ್ಲಿ ಒಂದು ಸೇವಾಸಂಸ್ಥೆಯ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಡಾಕ್ಟರು ವಾರಕ್ಕೊಮ್ಮೆ ಬಂದು ಮಾತ್ರೆ ಬರೆದು ಹೋಗುತ್ತಿದ್ದರು. ಮಿಕ್ಕ ದಿನವೆಲ್ಲ ರೋಗಿಯ ಜೊತೆ, ಮನೆಯವರ ಜೊತೆ ಮಾತಾಡುವುದು ನಮ್ಮ ಕೆಲಸ. ನನಗೆ ಸಿಟ್ಟು ಬೇಗ ಬರುತ್ತದೆ. ಈ ಕೆಲಸಕ್ಕೆ ಅದು ಒಳ್ಳೆಯದಲ್ಲ ಅಂತ ನನಗೂ ಗೊತ್ತು.

ನನ್ನ ಕೈಕೆಳಗೆ ಭಾಗ್ಯ ಅಂತ ಫೀಲ್ಡ್ ವರ್ಕರ್ ಇದ್ದಳು, ಹುಳಿಯಾರು ಕಡೆಯವಳು. ಮೊಪೆಡ್ ಹತ್ತಿ ಊರಾಚೆಯ ಹಟ್ಟಿ ಹಟ್ಟಿಗೂ ಹೋಗಿ ಫಾಲೋಅಪ್ ಮಾಡುವುದು, ಅಂದರೆ ಮಾತ್ರೆ ನಿಲ್ಲಿಸಿದವರನ್ನು ಹುಡುಕಿ ಮತ್ತೆ ಚಿಕಿತ್ಸೆಗೆ ಕರೆತರುವುದು ಅವಳ ಪಾಲಿನದು. ಗಂಡ ಮನೆ ಬಿಟ್ಟು ಹೋದ, ಮಗಳು ಊಟ ಬಿಟ್ಟಳು, ಎಲ್ಲಕ್ಕೂ ಅವಳ ಮೊಬೈಲಿಗೇ ಫೋನು. ಐದು ವರ್ಷ ಅವಳು ಒಂದು ದಿನವೂ ಬೇಸರ ತೋರಿಸಲಿಲ್ಲ. ನಾನೂ ಅದನ್ನೇ ಎಲ್ಲರ ಮುಂದೆ ಹೊಗಳಿಕೊಂಡು ತಿರುಗಿದೆ.

ಒಂದು ಸೋಮವಾರ ಆ ಭಾಗ್ಯ ನನ್ನ ಮೇಜಿನ ಮೇಲೆ ರಜೆ ಅರ್ಜಿ ಇಟ್ಟಳು. ಹತ್ತು ದಿನ. ಕಾರಣ: ಮನಸ್ಸಿಗೆ ಸುಸ್ತಾಗಿದೆ.

‘ಇದನ್ನ ಮೇಲಿನೋರು ಒಪ್ಪಲ್ಲ ಕಣೇ. ಜ್ವರ ಅಂತ ಬರಿ, ಸಾಕು’ ಅಂದೆ.

‘ಮನಸ್ಸಿನ ಕಾಯಿಲೆ ಮುಚ್ಚಿಡ್ಬೇಡಿ ಅಂತ ಊರೂರಿಗೆ ಹೋಗಿ ಹೇಳೋಳು ನಾನು ಮೇಡಂ. ನಾನೇ ಜ್ವರ ಅಂತ ಬರೀಲಾ?’

ನನಗೆ ರೇಗಿತು. ಮಾಡು ನಿನ್ನಿಷ್ಟ ಅಂತ ಅರ್ಜಿಯನ್ನು ಹಾಗೇ ಕಳಿಸಿದೆ. ಮೂರೇ ದಿನಕ್ಕೆ ವಾಪಸ್ ಬಂತು: ‘ಸೂಕ್ತ ಕಾರಣ ನಮೂದಿಸಿ.’ ಅಯ್ಯೋ ನಿಮ್ಮ! ಮನಸ್ಸಿನ ಕಾಯಿಲೆಗೇ ಅಂತ ಇರುವ ಸಂಸ್ಥೆ ಇದು!

ಅದರ ಬೆನ್ನಿಗೇ ಒಂದು ಸುತ್ತೋಲೆ. ಫೀಲ್ಡ್ ವರ್ಕರುಗಳಿಗೆ ಬರ್ನ್‌ಔಟ್ ತಡೆಯುವ ತರಬೇತಿ, ತುಮಕೂರಿನಲ್ಲಿ, ಹಾಜರಿ ಕಡ್ಡಾಯ. ಬರ್ನ್‌ಔಟ್ ಅಂದರೆ ಬೇರೆಯವರ ದುಃಖ ಹೊತ್ತೂ ಹೊತ್ತೂ ನಮ್ಮಲ್ಲೇ ಏನೂ ಉಳಿಯದೆ ಹೋಗುವುದು. ತರಬೇತಿ ಇಟ್ಟಿದ್ದು ಯಾವಾಗ? ಭಾನುವಾರ! ವಾರಕ್ಕಿದ್ದ ಒಂದು ರಜೆಯೂ ಹೋಯ್ತು. ಬೆಳಿಗ್ಗೆ ಭಾಗ್ಯಳೂ ನಾನೂ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ಅಲ್ಲಿ ಬಲೂನು ಕೊಟ್ಟು, ನಿಮ್ಮ ಕಷ್ಟವನ್ನೆಲ್ಲ ಇದರೊಳಗೆ ಊದಿ ಅಂದರು. ಎಲ್ಲರೂ ಊದಿದರು. ಭಾಗ್ಯ ಬಲೂನನ್ನು ಊದದೆ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಹೊರಡುವಾಗ ಎಲ್ಲರನ್ನೂ ನಗಿಸಿ ಗ್ರೂಪ್ ಫೋಟೋ ಬೇರೆ ತೆಗೆದರು.

ಅದಾದ ಮೇಲೆ ಡಾಕ್ಟರು ಬರುವ ದಿನ ರಂಗಣ್ಣ ಬಂದರು. ತೆಂಗಿನ ತೋಟಗಳಲ್ಲಿ ಕಾಯಿ ಸುಲಿಯುವ ಆಳು, ಮೂರು ವರ್ಷದ ಹಿಂದೆ ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳದಿದ್ದವರು. ಅವರನ್ನು ಎಬ್ಬಿಸಿ ಕೂರಿಸಿದವಳು ಭಾಗ್ಯ. ಮಾತ್ರೆ ತಗೊಂಡ ಮೇಲೂ ಅವರು ಹೋಗಲಿಲ್ಲ.

‘ಅಮ್ಮಾವ್ರೇ, ಭಾಗ್ಯಮ್ಮ ಬಂದಾಗೆಲ್ಲ ಮೂರ್ ಮಾತು ಕೇಳೋರು. ನಿದ್ದೆ ಬತ್ತೈತಾ? ಊಟ ಸೇರ್ತೈತಾ? ಯಾರ್ ಜೊತೇಲಾದ್ರೂ ಮಾತಾಡ್ಬೇಕು ಅನ್ನಿಸ್ತೈತಾ? ಈ ಸಲ ಅವ್ರ ಮುಖ ನೋಡಾಕಾಗ್ದೆ ನಾನೇ ಕೇಳ್ಬುಟ್ಟೆ. ಮೂರಕ್ಕೂ ಇಲ್ಲ ಅಂದ್ರು. ಕಾಯಿ ರಾಶಿ ಮೇಲೇ ಕೂತು ಅತ್ತುಬುಟ್ರು ಕಣಮ್ಮಾ. ನಮ್ಮನ್ನ ಅವ್ರು ನೋಡ್ತಾರೆ. ಅವ್ರನ್ನ ನೋಡೋರು ಯಾರು?’

ನನ್ನ ಮುಖಕ್ಕೆ ಹೊಡೆದಂತಾಯಿತು. ಐದು ವರ್ಷ ದಿನಾ ನೋಡಿದ ಹುಡುಗಿಗೆ, ಆ ಮೂರು ಪ್ರಶ್ನೆ ಕಲಿಸಿದ ನಾನು, ಒಂದನ್ನೂ ಕೇಳಿರಲಿಲ್ಲ.

ಸಂಜೆ ಭಾಗ್ಯಳನ್ನು ಕೂರಿಸಿಕೊಂಡು ಕೇಳಿದೆ. ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಫೋನು ರಿಂಗಾದರೆ ದಿಂಬಿನಡಿ ತಳ್ಳಿಬಿಡ್ತೀನಿ ಅಂದಳು. ‘ರಜೆ ಸಿಗ್ಲಿಲ್ಲ ಅಂದ್ರೆ ಕೆಲಸ ಬಿಡ್ತೀನಿ ಮೇಡಂ, ನನ್ ಕೈಲಿ ಆಗಲ್ಲ.’ ಅವಳ ಒಪ್ಪಿಗೆ ಪಡೆದೇ, ರೋಗಿಗಳಿಗೆ ಬಳಸುವ ಆ ಮೂರು ಪ್ರಶ್ನೆಯ ಫಾರಂ ತುಂಬಿ ಅದೇ ಅರ್ಜಿಗೆ ಲಗತ್ತಿಸಿ ಮತ್ತೆ ಕಳಿಸಿದೆ. ‘ಈ ಉತ್ತರ ಬರೆದ ರೋಗಿಗೆ ವಿಶ್ರಾಂತಿ ಬೇಡ ಅಂತ ಬರೆದು ಕೊಡಿ, ಕ್ಲಿನಿಕ್ಕಿನ ಗೋಡೆಗೆ ಅಂಟಿಸ್ತೀನಿ’ ಅಂತ ಮೇಲಿನವರಿಗೆ ಫೋನ್ ಮಾಡಿ ಕೂಗಾಡಿದೆ. ಹಟ್ಟಿಗಳಿಗೆ ಯಾರು ಹೋಗ್ತಾರೆ ಅಂದರು. ನಾನೇ ಹೋಗ್ತೀನಿ ಅಂದೆ. ರಜೆ ಮಂಜೂರಾಯಿತು.

ಆ ಹತ್ತು ದಿನ ಅವಳ ಸಿಮ್ ನನ್ನ ಫೋನಿನಲ್ಲಿ. ಮೊದಲ ದಿನ ಜೋರಾಗಿಯೇ ತಿರುಗಿದೆ. ಮೂರನೇ ದಿನಕ್ಕೆ ಸಾಕುಸಾಕಾಯಿತು. ಒಂದು ಮನೆಯ ಅಳು ಕಿವಿಯಲ್ಲಿ ಇರುವಾಗಲೇ ಇನ್ನೊಂದು ಮನೆಯ ಬಾಗಿಲು. ಊಟಕ್ಕೆ ಕೂತರೆ ರಿಂಗು. ವಾರ ಕಳೆಯುವಷ್ಟರಲ್ಲಿ ನಾನೂ ರಿಂಗಾದ ಫೋನನ್ನು ದಿಂಬಿನಡಿ ತಳ್ಳತೊಡಗಿದೆ.

ಭಾಗ್ಯ ವಾಪಸ್ ಬಂದಳು. ಕೆಲಸ ಬಿಡಲಿಲ್ಲ. ಆದರೆ ಸಂಜೆ ಆರರ ಮೇಲೆ ಆ ಸಿಮ್ಮನ್ನು ಸರದಿಯ ಮೇಲೆ ಕ್ಲಿನಿಕ್ಕಿನ ಒಬ್ಬೊಬ್ಬರು ಇಟ್ಟುಕೊಳ್ಳುವುದು ಅಂತ ನಿಯಮ ಮಾಡಿದೆವು. ಗಟ್ಟಿತನವನ್ನು ಬಲೂನು ಊದಿಸಿ ಕಲಿಸಲಾಗುವುದಿಲ್ಲ. ಹೊರೆ ಇಳಿಸಿಕೊಳ್ಳುವವರು ಇದ್ದರೆ ಅದು ತಾನಾಗಿ ಬರುತ್ತದೆ.

ಅವಳು ಬಂದ ದಿನವೇ ನಾನು ಎರಡು ದಿನದ ರಜೆಗೆ ಅರ್ಜಿ ಬರೆಯಲು ಕೂತೆ. ಕಾರಣ ಅನ್ನುವ ಕಡೆ ನೋಡಿಕೊಂಡರೆ, ಕೈ ಆಗಲೇ ‘ಜ್ವರ’ ಅಂತ ಬರೆದುಬಿಟ್ಟಿತ್ತು. ಹೊಡೆದು ಹಾಕಿ, ‘ಮನಸ್ಸಿಗೆ ಸುಸ್ತಾಗಿದೆ’ ಎಂದು ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಆ ಹುಡುಗಿ ಅದನ್ನು ಒಬ್ಬಳೇ ಬರೆದು ತಂದಿದ್ದಳು.